ಬೇಡದ ಮೇಲ್ ಸರ್ವರ್ ಮತ್ತು ಒಂದು ಹುಸಿ ಪ್ಯಾಕೇಜು

ಮನೆಯ ಹಳೇ ಕಂಪ್ಯೂಟರಿಗೆ ಡೆಬಿಯನ್ 12 (ಲಿನಕ್ಸ್‌ನ ಒಂದು ಬಗೆ) ಹಾಕಿ, ಫೋಟೊಗಳಿಗಾಗಿ ಎರಡು ಹಾರ್ಡ್‌ಡಿಸ್ಕ್‌ಗಳನ್ನು ರೇಡ್ 1ರಲ್ಲಿ, ಅಂದರೆ ಎರಡರಲ್ಲೂ ಒಂದೇ ಪ್ರತಿ ಇರುವ ಹಾಗೆ, ಜೋಡಿಸಲು ಕೂತಿದ್ದೆ. ಬೇಕಿದ್ದದ್ದು ಆ ಜೋಡಣೆ ನೋಡಿಕೊಳ್ಳುವ ಎಂಡಿಎಡಿಎಂ ಒಂದೇ. ಆದರೆ ತಂತ್ರಾಂಶದ ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ತೋರಿಸಿದ ಪಟ್ಟಿಯಲ್ಲಿ ಎಕ್ಸಿಮ್4 ಎಂಬ ಮೇಲ್ ಸರ್ವರ್, ಅದರ ಹಿಂದೆ ಅದರ ಪರಿವಾರ. ಡಿಸ್ಕ್ ಜೋಡಿಸಲು ಮೇಲ್ ಸರ್ವರ್ ಯಾಕೆ?

ಹಿಂದೊಮ್ಮೆ ಇಂಥದ್ದೇ ಪೇಚಿನಲ್ಲಿ ಆಪ್ಟ್‌ನ ಕೆಳಗೆ ಕೆಲಸ ಮಾಡುವ ಡಿಪಿಕೆಜಿಗೆ, ಅವಲಂಬನೆಗಳನ್ನು ಕಡೆಗಣಿಸುವ ಫೋರ್ಸ್-ಡಿಪೆಂಡ್ಸ್ ಆಯ್ಕೆ ಕೊಟ್ಟು ಪ್ಯಾಕೇಜನ್ನು ಬಲವಂತವಾಗಿ ಕೂರಿಸಿದ್ದೆ. ಆಮೇಲೆ ಆಪ್ಟ್ ಬೇರೆ ಏನನ್ನೂ ಹಾಕಲು ಬಿಡಲಿಲ್ಲ. ಮೊದಲು ಮುರಿದದ್ದನ್ನು ಸರಿಮಾಡು ಎಂದು ಹಟ ಹಿಡಿಯಿತು. ಆ ದಾರಿಯನ್ನು ಯಾರಿಗೂ ಹೇಳಲಾರೆ.

ಈ ಸಲ ಮೊದಲು ಪ್ಯಾಕೇಜಿನ ವಿವರ ತೋರಿಸುವ 'ಆಪ್ಟ್ ಶೋ' ಓದಿದೆ. ಮೇಲ್ ಸರ್ವರ್ ಇದ್ದದ್ದು ಡಿಪೆಂಡ್ಸ್ (ಇರಲೇಬೇಕಾದವು) ಸಾಲಿನಲ್ಲಲ್ಲ, ರೆಕಮೆಂಡ್ಸ್ (ಶಿಫಾರಸು) ಸಾಲಿನಲ್ಲಿ. ಡೆಬಿಯನ್‌ನಲ್ಲಿ ಆಪ್ಟ್ ರೆಕಮೆಂಡ್ಸ್ ಅನ್ನೂ ತಾನಾಗಿ ಎಳೆದು ತರುತ್ತದೆ. '--ನೋ-ಇನ್‌ಸ್ಟಾಲ್-ರೆಕಮೆಂಡ್ಸ್' ಸೇರಿಸಿದೆ, ಎಕ್ಸಿಮ್ ಪಟ್ಟಿಯಿಂದ ಹೋಯಿತು.

ಅಷ್ಟಕ್ಕೇ ಎದ್ದಿದ್ದರೆ ತಪ್ಪಾಗುತ್ತಿತ್ತು. ಡಿಸ್ಕ್ ಕೆಟ್ಟಾಗ ಎಂಡಿಎಡಿಎಂ ಸುದ್ದಿ ಮುಟ್ಟಿಸುವುದು ಮೇಲ್ ಮೂಲಕ. ಶಿಫಾರಸು ಇದ್ದದ್ದೇ ಅದಕ್ಕೆ. ಒಂದು ಡಿಸ್ಕ್ ಸತ್ತದ್ದು ಗೊತ್ತೇ ಆಗದಿದ್ದರೆ ರೇಡ್ ಇದ್ದೂ ಇಲ್ಲದ ಹಾಗೆ. ಎಂಡಿಎಡಿಎಂ.ಕಾನ್ಫ್ ಕಡತದಲ್ಲಿ ಮೇಲ್ ವಿಳಾಸದ ಬದಲು 'ಪ್ರೋಗ್ರಾಂ' ಎಂಬ ಸಾಲು ಬರೆದು, ಮೊಬೈಲಿಗೆ ಸಂದೇಶ ಕಳಿಸುವ ಪುಟ್ಟ ಸ್ಕ್ರಿಪ್ಟಿನ ದಾರಿ ಕೊಟ್ಟೆ. ಏನಾಯಿತು, ಯಾವ ಅರೇಯಲ್ಲಿ (ಡಿಸ್ಕ್ ಜೋಡಣೆಯಲ್ಲಿ) ಎಂಬೆರಡನ್ನೂ ಎಂಡಿಎಡಿಎಂ ಆ ಸ್ಕ್ರಿಪ್ಟಿಗೆ ಒದಗಿಸುತ್ತದೆ. ಪರೀಕ್ಷೆಗೆಂದು ಎಂಡಿಎಡಿಎಂಗೆ '--ಮಾನಿಟರ್ --ಸ್ಕ್ಯಾನ್ --ಒನ್‌ಶಾಟ್ --ಟೆಸ್ಟ್' ಕೊಟ್ಟೆ. ಮೊಬೈಲ್ ಪರದೆಯ ಮೇಲೆ 'ಟೆಸ್ಟ್‌ಮೆಸೇಜ್ /ಡೆವ್/ಎಂಡಿ0' ಮೂಡಿದಾಗಲೇ ಸಮಾಧಾನ.

ಕಂಪ್ಯೂಟರಿನ ಲಾಗ್‌ಗಳನ್ನು ಓದಿ ವರದಿ ಕೊಡುವ ಲಾಗ್‌ವಾಚ್ ಹಾಕಲು ಹೋದಾಗ ಗಂಟು ಬಿಗಿಯಾಯಿತು. ಅಲ್ಲಿ ಮೇಲ್ ಸರ್ವರ್ ಶಿಫಾರಸಲ್ಲ, ಡಿಪೆಂಡ್ಸ್. ವರದಿಯನ್ನು ಕಡತಕ್ಕೂ ಬರೆಯಬಲ್ಲ ತಂತ್ರಾಂಶಕ್ಕೆ ಇದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಇಂಥಲ್ಲಿ ಕೈಹಿಡಿಯುವುದು ಇಕ್ವಿವ್ಸ್: ಒಳಗೆ ಏನೂ ಇಲ್ಲದ, ಆದರೆ 'ನಾನಿದ್ದೇನೆ' ಎಂದು ಆಪ್ಟ್‌ಗೆ ಹೇಳುವ ಪ್ಯಾಕೇಜನ್ನು ಅದು ಕಟ್ಟಿಕೊಡುತ್ತದೆ. ಇಕ್ವಿವ್ಸ್ ತಾನೇ ಪ್ಯಾಕೇಜು ಕಟ್ಟುವ ಡೆಬ್‌ಹೆಲ್ಪರ್ ಮೊದಲಾದವನ್ನು ಕರೆತರುವುದರಿಂದ ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡೆ. 'ಇಕ್ವಿವ್ಸ್-ಕಂಟ್ರೋಲ್' ಕೊಟ್ಟ ಮಾದರಿ ಕಡತದಲ್ಲಿ ಪ್ಯಾಕೇಜಿನ ಹೆಸರು ತಿದ್ದಿ, ಪ್ರೊವೈಡ್ಸ್ (ಏನನ್ನು ಒದಗಿಸುತ್ತದೆ) ಎದುರು ಮೇಲ್ ಸರ್ವರ್‌ಗಳ ಸಾಮಾನ್ಯ ಹೆಸರಾದ 'ಮೇಲ್-ಟ್ರಾನ್ಸ್‌ಪೋರ್ಟ್-ಏಜೆಂಟ್' ಬರೆದು 'ಇಕ್ವಿವ್ಸ್-ಬಿಲ್ಡ್' ಮಾಡಿದೆ. ಬಂದ ಡೆಬ್ ಕಡತ ಕೆಲವೇ ಕೆಬಿ. ಪೆನ್‌ಡ್ರೈವಿನಲ್ಲಿ ಒಯ್ದು ಇನ್‌ಸ್ಟಾಲ್ ಮಾಡಿದ ಮೇಲೆ ಲಾಗ್‌ವಾಚ್ ತಕರಾರಿಲ್ಲದೆ ಬಂತು. ದಿನಾ ಓಡುವ ಅದರ ಕ್ರಾನ್ ಸ್ಕ್ರಿಪ್ಟಿನಲ್ಲಿ 'ಔಟ್‌ಪುಟ್ ಮೇಲ್' ಇದ್ದದ್ದನ್ನು 'ಔಟ್‌ಪುಟ್ ಫೈಲ್' ಮಾಡಿದೆ.

ಈ ಹುಸಿ ಪ್ಯಾಕೇಜಿನಲ್ಲಿ ಮೇಲ್ ಕಳಿಸುವ ಸೆಂಡ್‌ಮೇಲ್ ಕಮಾಂಡ್ ಇಲ್ಲ. ಮುಂದೆ ಬರುವ ಯಾವುದೋ ತಂತ್ರಾಂಶ ಇದನ್ನೇ ನಂಬಿ ಸುಮ್ಮನೆ ಸೋಲಬಹುದು. ಹಾಗಾಗಿ ಅದರ ಡಿಸ್ಕ್ರಿಪ್ಶನ್ ಸಾಲಿನಲ್ಲೇ ಬರೆದಿಟ್ಟಿದ್ದೇನೆ: ಖಾಲಿ ಪ್ಯಾಕೇಜು, ಲಾಗ್‌ವಾಚ್‌ಗಾಗಿ ಮಾತ್ರ, ಇಲ್ಲಿಂದ ಮೇಲ್ ಹೋಗುವುದಿಲ್ಲ.