ಬೆಂಗಳೂರಿಗೆ ಹೋಗುತ್ತದೆ, ಕೊಲ್ಲಾಪುರಕ್ಕೆ ಹೋಗುವುದಿಲ್ಲ

ನಮ್ಮೂರು ಮಹಾರಾಷ್ಟ್ರದ ಗಡಿಗೆ ಹತ್ತಿರದ ನಿಪ್ಪಾಣಿ. ಮನೆಯ ಹಿತ್ತಲ ಕೋಣೆಯಲ್ಲಿ ಶೇಂಗಾ, ಅಗಸಿ, ಗುರೆಳ್ಳು ಚಟ್ನಿ, ಮಸಾಲಿ ಖಾರ ಕುಟ್ಟಿ ಮಾರುವುದು ನನ್ನ ಕಸುಬು. ಆನ್‌ಲೈನ್ ಮಾರಾಟಕ್ಕೆ ಮೊದಲು ಕೈ ಹಾಕಿದ್ದು 2019ರಲ್ಲಿ. ಅರ್ಜಿ ತುಂಬಲು ಕೂತ ಮಗ ಎರಡನೇ ಪುಟಕ್ಕೇ ನಿಂತುಬಿಟ್ಟ. ‘ಅವ್ವಾ, ಜಿಎಸ್‌ಟಿ ನಂಬರ್ ಇಲ್ಲಂದ್ರ ಇದು ಮುಂದ ಹೋಗವಲ್ದು.’

ನಮ್ಮ ವರ್ಷದ ವ್ಯಾಪಾರ ಆಗ ಆರು ಲಕ್ಷವನ್ನೂ ಮುಟ್ಟಿರಲಿಲ್ಲ. ಸರಕು ಮಾರುವವರಿಗೆ 40 ಲಕ್ಷದವರೆಗೆ ನೋಂದಣಿ ಬೇಡ ಎಂಬ ವಿನಾಯಿತಿ ಆ ಏಪ್ರಿಲ್‌ನಿಂದಲೇ ಬಂದಿತ್ತು. ಆದರೆ ಅದು ಅಂಗಡಿ, ಸಂತೆಯಲ್ಲಿ ಮಾರುವವರ ಪಾಲಿಗೆ. ಇ-ಕಾಮರ್ಸ್ ತಾಣದ ಮೂಲಕ ಒಂದೇ ಪಾಕೀಟು ಮಾರಿದರೂ ಆಗ ನೋಂದಣಿ ಕಡ್ಡಾಯವಾಗಿತ್ತು. ಪೇಟೆಯಲ್ಲಿ ಟ್ಯಾಕ್ಸ್ ಕೆಲಸ ಮಾಡುವ ಒಬ್ಬರು ‘ನಾ ಮಾಡಿಕೊಡ್ತೀನಿ ಬಿಡ್ರಿ ಅಕ್ಕಾರ’ ಎಂದು ನಂಬರ್ ತೆಗೆಸಿಕೊಟ್ಟರು. ವ್ಯಾಪಾರವೇ ಆಗದ ತಿಂಗಳಿಗೂ ರಿಟರ್ನ್, ಅಂದರೆ ಮಾರಾಟ ಮತ್ತು ತೆರಿಗೆಯ ಲೆಕ್ಕ, ಹಾಕಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ದಂಡ ಅನ್ನೋದನ್ನ ಮಾತ್ರ ಹೇಳಲಿಲ್ಲ. ಐದಾರು ತಿಂಗಳಲ್ಲಿ ಚಟ್ನಿ ಮಾರಿ ಬಂದದ್ದಕ್ಕಿಂತ ದಂಡವೇ ಹೆಚ್ಚಾಯಿತು. ನಂಬರ್ ರದ್ದು ಮಾಡಿಸಿ ಮತ್ತೆ ಒಳಕಲ್ಲಿನ ಮುಂದೆ ಕೂತೆ.

ಸಣ್ಣವರನ್ನು ಡಿಜಿಟಲ್ ಮಾಡುವ ಯೋಜನೆಗಳ ಸುದ್ದಿ ಆಮೇಲೆ ಒಂದರ ಹಿಂದೊಂದು ಕಿವಿಗೆ ಬಿತ್ತು. 2020ರಲ್ಲಿ ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಬಂತು. 2022ರ ಸೆಪ್ಟೆಂಬರಿನಲ್ಲಿ, ಬೇರೆ ಬೇರೆ ಆ್ಯಪಿನವರನ್ನು ಒಂದೇ ಮಾರುಕಟ್ಟೆಗೆ ಜೋಡಿಸುವ ಸರ್ಕಾರಿ ಬೆಂಬಲದ ಜಾಲ ಒಎನ್‌ಡಿಸಿ ಬೆಂಗಳೂರಿನಲ್ಲಿ ಪ್ರಯೋಗ ಶುರು ಮಾಡಿತು. ಇಂಥ ಯೋಜನೆಯ ತರಬೇತಿಗೆ ಒಂದು ದಿನ ನಾನೂ ಹೋಗಿ ಕೂತು, ಊಟ ಮಾಡಿ, ಫೈಲು ಹಿಡಿದುಕೊಂಡು ಬಂದೆ. ನನ್ನ ಬಾಗಿಲು ತೆರೆದದ್ದು ಇವ್ಯಾವುವೂ ಅಲ್ಲ, ಯಾರೂ ಹೆಚ್ಚು ಮಾತಾಡದ ಒಂದು ಅಧಿಸೂಚನೆ. 2023ರ ಅಕ್ಟೋಬರ್ 1ರಿಂದ ಆ 40 ಲಕ್ಷದ ಮಿತಿಯೊಳಗಿನ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ ತಾಣಗಳಲ್ಲಿ ಸರಕು ಮಾರಬಹುದು. ಪ್ಯಾನ್ ಮತ್ತು ವ್ಯಾಪಾರದ ವಿಳಾಸ ಕೊಟ್ಟು ಜಿಎಸ್‌ಟಿ ಪೋರ್ಟಲಿನಲ್ಲೇ ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದರೆ ಆಯಿತು. ರಿಟರ್ನ್ ಇಲ್ಲ. ನನ್ನ ಮಾರಾಟದ ಲೆಕ್ಕವನ್ನು ತಾಣದವರೇ ಇಲಾಖೆಗೆ ಒಪ್ಪಿಸುತ್ತಾರೆ.

ಆ ಸಂಖ್ಯೆ ಪಡೆದ ಮೇಲೆ ಉಳಿದದ್ದು ಕೈಕೆಲಸ. ತಿನಿಸು ಮಾರುವವರಿಗೆ ಬೇಕಾದ, ವರ್ಷಕ್ಕೆ 100 ರೂಪಾಯಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನೋಂದಣಿ ಮೊದಲೇ ಇತ್ತು. ಅದರ 14 ಅಂಕಿ, ತೂಕ, ಎಂಆರ್‌ಪಿ, ಪ್ಯಾಕ್ ಮಾಡಿದ ತಿಂಗಳು, ದೂರಿಗೆ ಫೋನ್ ನಂಬರ್, ಎಲ್ಲವನ್ನೂ ಚೀಟಿಯ ಮೇಲೆ ಅಚ್ಚು ಹಾಕಿಸಿದೆ. ಶೇಂಗಾ ಚಟ್ನಿ ಎಣ್ಣೆ ಬಿಡುತ್ತದೆ. ಮೊದಲು ಕಳಿಸಿದ ಪಾಕೀಟುಗಳಲ್ಲಿ ಚೀಟಿ ನೆನೆದು ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಈಗ ದಪ್ಪನೆಯ ಪೌಚಿಗೆ ತುಂಬಿ, ಬಾಯಿ ಒರೆಸಿ, ಎರಡು ಸಲ ಸೀಲ್ ಒತ್ತುತ್ತೇವೆ.

ಹೆಸರಿನದು ಇನ್ನೊಂದು ಫಜೀತಿ. ಗುರೆಳ್ಳು ಚಟ್ನಿ ಎಂದು ಹಾಕಿ ಒಂದು ತಿಂಗಳು ಕಾದರೂ ಬೆಂಗಳೂರಿನಿಂದ ಒಂದು ಆರ್ಡರ್ ಬರಲಿಲ್ಲ. ಅಲ್ಲಿರುವ ನಮ್ಮ ತಂಗಿ ಫೋನಿನಲ್ಲಿ ನಕ್ಕಳು: ‘ಇಲ್ಲಿ ಅದಕ್ಕ ಹುಚ್ಚೆಳ್ಳು ಅಂತಾರ, ಗುರೆಳ್ಳು ಅಂದ್ರ ಯಾರಿಗೆ ತಿಳೀಬೇಕು?’ ಎರಡೂ ಹೆಸರು ಹಾಕಿದ ವಾರದಲ್ಲೇ ನಾಲ್ಕು ಆರ್ಡರ್ ಬಂದವು. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ, ವ್ಯಾಪಾರ ಮಿತಿ ದಾಟಿದೆ ಎಂದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬೇಕು. ‘ನೋ ಯುಪಿಐ’ ಬೋರ್ಡು ಬೆಂಗಳೂರಿನಲ್ಲಿ ಎದ್ದವು, ಅಂಜಿಕೆ ಮಾತ್ರ ಇಲ್ಲಿಯವರೆಗೂ ಬಂತು. ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ವಸೂಲಿ ಇಲ್ಲ ಎಂದು ಮುಖ್ಯಮಂತ್ರಿ ಹೇಳಿದರು, ಸರಿ. ಆದರೆ ಅಷ್ಟರಲ್ಲಿ ನಮ್ಮ ಓಣಿಯ ಬೇಕರಿಯವರು ಕ್ಯೂಆರ್ ಚೀಟಿ ತೆಗೆದು ಗಲ್ಲೆಯೊಳಗೆ ಹಾಕಿದ್ದರು. ನಾನು ತೆಗೆಯಲಿಲ್ಲ. ಧೈರ್ಯಕ್ಕಲ್ಲ, ಹಳೇ ದಂಡ ಕಲಿಸಿದ ಬುದ್ಧಿಗೆ: ಚಟ್ನಿಯ ದುಡ್ಡಿಗೆ ಬೇರೆ ಖಾತೆ, ಮಗಳು ಕಳಿಸುವ ದುಡ್ಡಿಗೆ ಬೇರೆ ಖಾತೆ. ಹೊಸಬರು ಕೇಳಿದರೆ ಆ್ಯಪಿನ ಮಾತಿಗೆ ಮೊದಲು ಇದನ್ನೇ ಹೇಳುತ್ತೇನೆ.

ನನ್ನ ತಕರಾರು ಬೇರೆ ಇದೆ. ಎನ್‌ರೋಲ್‌ಮೆಂಟ್ ಸಂಖ್ಯೆಯವರು ರಾಜ್ಯದ ಗಡಿ ದಾಟಿ ಮಾರುವಂತಿಲ್ಲ. ನಿಪ್ಪಾಣಿಯಿಂದ ಬೆಂಗಳೂರು 500 ಕಿ.ಮೀ.ಗೂ ಮೇಲೆ, ಅಲ್ಲಿಗೆ ಚಟ್ನಿ ಹೋಗುತ್ತದೆ. ಕೊಲ್ಲಾಪುರ 40 ಕಿ.ಮೀ. ಆಸುಪಾಸು, ನಮ್ಮ ಬೀಗರು, ಆಸ್ಪತ್ರೆ, ಸೀರೆ ಅಂಗಡಿ ಎಲ್ಲ ಅಲ್ಲೇ, ಅಲ್ಲಿಗೆ ಹೋಗುವುದಿಲ್ಲ. ಸಣ್ಣ ವ್ಯಾಪಾರಿಗಳಿಗೆಂದೇ ಇರುವ ಸರಳ ಜಿಎಸ್‌ಟಿ ಪದ್ಧತಿ ಕಾಂಪೊಸಿಷನ್ ಹಿಡಿದರೂ ಇದೇ ಗಡಿ. ರಾಜ್ಯದ ನಡುವೆ ಇರುವವರಿಗೆ ಈ ನಿಯಮ ಸಾಕು. ಗಡಿಯಲ್ಲಿ ಕೂತವರ ಗಿರಾಕಿಗಳಲ್ಲಿ ಅರ್ಧದಷ್ಟು ಆಚೆಯವರು ಅನ್ನುವುದು ಬರೆದವರಿಗೆ ಹೊಳೆದಂತಿಲ್ಲ. 2025ರ ನವೆಂಬರಿನಿಂದ ಸಣ್ಣವರಿಗೆ ಮೂರು ಕೆಲಸದ ದಿನಗಳಲ್ಲಿ ಜಿಎಸ್‌ಟಿ ನಂಬರ್ ಸಿಗುವ ದಾರಿ ಇದೆ, ಆಗ ಕೊಲ್ಲಾಪುರಕ್ಕೂ ಕಳಿಸಬಹುದು, ತಗೊಂಡುಬಿಡೋಣ ಅನ್ನುತ್ತಾನೆ ಮಗ. ಸಿಗೋದು ಮೂರು ದಿನದಾಗಪ್ಪಾ, ರಿಟರ್ನ್ ಹಾಕೋರು ಯಾರು ಎಂದು ನಾನು.

ಹೋದ ತಿಂಗಳು ಕೊಲ್ಲಾಪುರದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ದರು. ನಮ್ಮ ಕಾರಳೆ ಚಟ್ನಿ (ಗುರೆಳ್ಳಿಗೆ ಮರಾಠಿಯಲ್ಲಿ ಕಾರಳೆ) ಆ್ಯಪಿನಲ್ಲಿ ಕಾಣುತ್ತದಂತೆ, ಅವರ ಪಿನ್ ಕೋಡ್ ಹಾಕಿದರೆ ತಲುಪಿಸಲಾಗದು ಎನ್ನುತ್ತದಂತೆ. ನನ್ನ ಹರಕು ಮರಾಠಿಯಲ್ಲಿ ಜಿಎಸ್‌ಟಿ ತಿಳಿಸಲು ನೋಡಿದೆ, ಆಗಲಿಲ್ಲ. ಮಾರನೇ ದಿನ ಬಸ್ ಹತ್ತಿ ತಾವೇ ಬಂದರು. ಮೂರು ಕೆಜಿ ಕಟ್ಟಿಸಿಕೊಂಡು, ಚಹಾ ಕುಡಿದು, ಕಟ್ಟೆಯ ಮೇಲಿನ ಕ್ಯೂಆರ್‌ಗೆ ಫೋನ್ ಹಿಡಿದು ದುಡ್ಡು ಹಾಕಿ ಹೋದರು.