ತಪ್ಪು ನಂಬರಿನ ಪುಸ್ತಕ ಕೊಂಡು ಸರಿ ನಂಬರ್ ಗಿಟ್ಟಿಸಿದ್ದು

1268. ನಮ್ಮ ಮನೆಯ ಹಳೆಯ ಶೇಕ್ಸ್‌ಪಿಯರ್ ಸೆಟ್‌ನ ನಂಬರ್ ಇದು. ಈ ನಾಲ್ಕು ಅಂಕಿಗಾಗಿ ಏಳು ವರ್ಷ ಓಡಾಡಿದ್ದೇನೆ. ಕೈಬಿಟ್ಟ ದುಡ್ಡು ಹೆಚ್ಚುಕಮ್ಮಿ ಒಂದೂವರೆ ಲಕ್ಷ. ಸರಿಯಾದ ಲೆಕ್ಕ ಮನೆಯಲ್ಲಿ ತೋರಿಸುವ ಹಾಗಿಲ್ಲ, ಹಾಗಾಗಿ ಇಟ್ಟೂ ಇಲ್ಲ. ಕಳೆದ ತೊಗರಿ ರಾಶಿ ಮುಗಿದ ವಾರ ಕೊನೆಯ ಸಂಪುಟ ಕಲಬುರಗಿಯ ನಮ್ಮ ಮನೆಗೆ ಬಂತು. "ನಿನಗ ಹುಚ್ಚು ಹಿಡದದ" ಅಂದಿದ್ದ ಗೆಳೆಯರೇ ಈಗ ಬಂದು ಫೋಟೊ ಹೊಡೆದುಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಟ್ ಯಾವುದು ಅಂದರೆ, ಎಣಿಸಿದಷ್ಟೇ ಪ್ರತಿ ಅಚ್ಚು ಹಾಕಿ ಸದಸ್ಯರಿಗೆ ಕೊಡುತ್ತಿದ್ದ ಅಮೆರಿಕದ ಲಿಮಿಟೆಡ್ ಎಡಿಷನ್ಸ್ ಕ್ಲಬ್‌ನ ಶೇಕ್ಸ್‌ಪಿಯರ್, 1939-40. ನಾಟಕ 37, ಸಂಪುಟ 37, ಬ್ರೂಸ್ ರೋಜರ್ಸ್ ವಿನ್ಯಾಸ, ಒಟ್ಟು 1950 ಸೆಟ್. ಪ್ರತಿ ಸೆಟ್‌ಗೂ ಒಂದು ನಂಬರ್, ಅದರ ಎಲ್ಲಾ ಸಂಪುಟದಲ್ಲೂ ಅದೇ ನಂಬರ್. 1941ರಲ್ಲಿ ಬಂದ ಕವಿತೆಗಳ ಎರಡು ಸಂಪುಟ ಬೇರೆ ಬಾಬತ್ತು, ನಾನು ಆ ಕಡೆ ತಿರುಗಿ ನೋಡಿಲ್ಲ.

ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲದಲ್ಲಿ ಅಜ್ಜ ಅಲ್ಲಿ ವಕೀಲರು. ಕಕ್ಷಿದಾರನೊಬ್ಬ ಫೀಸಿನ ಬದಲು ಈ ಪುಸ್ತಕ ಕೊಟ್ಟು ಕೈತೊಳೆದುಕೊಂಡನಂತೆ. ಪಾಲಾದಾಗ ಅಪ್ಪನಿಗೆ 28 ಬಂದವು, ದೊಡ್ಡಪ್ಪನಿಗೆ 9. ಹೊಲ ಸಮವಾಗಿ ಹಂಚಿಕೊಂಡವರು ಪುಸ್ತಕ ಯಾಕೆ ಹೀಗೆ ಹಂಚಿಕೊಂಡರೋ, ಕೇಳೋಕೆ ಇಬ್ಬರೂ ಇಲ್ಲ. ದೊಡ್ಡಪ್ಪ ಹೈದರಾಬಾದಿನ ಮನೆ ಖಾಲಿ ಮಾಡುವಾಗ ಆ ಒಂಬತ್ತನ್ನೂ ರದ್ದಿಯವನ ತಕ್ಕಡಿಗೆ ಹಾಕಿದರು. ಅದರಲ್ಲೇ ಆರ್ಥರ್ ರಾಕ್‌ಹ್ಯಾಮ್ ಚಿತ್ರ ಬರೆದ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ಇತ್ತು. ಇಡೀ ಸೆಟ್‌ನಲ್ಲಿ ಮಂದಿ ಬಿಡಿಯಾಗಿ ಹುಡುಕುವ ಸಂಪುಟ ಅದೇ, ನಮ್ಮ ಕರ್ಮ.

ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ತಿಂಗಳಿಗೊಂದು ಭಾನುವಾರ ಹೈದರಾಬಾದಿನ ಅಬಿಡ್ಸ್ ಫುಟ್‌ಪಾತಿನ ಹಳೇ ಪುಸ್ತಕದ ಸಾಲು. ಬೆಳಗಿನ ಜಾವ ರೈಲು, ರಾತ್ರಿ ವಾಪಸ್, ಕೈಯಲ್ಲಿ ಬೇರೆ ಯಾವುದೋ ಎರಡು ಪುಸ್ತಕ. ಉಳಿದ ದಿನ ಆನ್‌ಲೈನ್‌ನಲ್ಲಿ ಬಿಡಿ ಸಂಪುಟ ಮಾರುವವರಿಗೆಲ್ಲ "1268 ಇದೆಯೇ" ಅಂತ ಸಂದೇಶ. ಮುನ್ನೂರಾದರೂ ಕಳಿಸಿರಬೇಕು. ದೊಡ್ಡ ತಪ್ಪು ಅದೇ. ನಂಬರ್ ಬಾಯಿಬಿಟ್ಟ ಕೂಡಲೇ ಎರಡು ಸಂಗತಿ ಆಗುತ್ತವೆ: ಬೆಲೆ ಏರುತ್ತದೆ, ಇಲ್ಲದ ನಂಬರ್ ಹುಟ್ಟುತ್ತದೆ. ಒಬ್ಬ 9,000ಕ್ಕೆ '1268' ಕಳಿಸಿದ. ಪಾರ್ಸೆಲ್ ಬಿಚ್ಚಿ ಪುಟವನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಕೊನೆಯ 8ರ ಎಡಭಾಗ ಒಂಚೂರು ಹೆಚ್ಚೇ ಕಪ್ಪು. ನೋಟು ಪರೀಕ್ಷೆ ಮಾಡುವ ನೀಲಿ ಟಾರ್ಚ್ ಬಿಟ್ಟಾಗ ಆ ಭಾಗದ ಮಸಿಯೇ ಬೇರೆ ಅಂತ ಎದ್ದು ಕಂಡಿತು. ಮೂಲದಲ್ಲಿ 1263. ಮೂರನ್ನು ಎಂಟು ಮಾಡುವುದು ಎಷ್ಟು ಸುಲಭ ನೋಡಿ! ದುಡ್ಡು ವಾಪಸ್ ಬರಲಿಲ್ಲ. ಈಗ ಯಾರಿಗೂ ನಂಬರ್ ಕೇಳುವುದಿಲ್ಲ. ಬೆನ್ನು, ಮೂಲೆ, ರಟ್ಟು, ನಂಬರ್ ಪುಟ ಎಲ್ಲದರ ಫೋಟೊ ಒಟ್ಟಿಗೇ ಕೇಳುತ್ತೇನೆ, ಕಂಡೀಷನ್ ನೋಡುವವನ ಹಾಗೆ. ಆ ಮೊದಲ ಸಂದೇಶದಲ್ಲಿ ಇನ್ನೂ ಒಂದು ಸಾಲು ಇರುತ್ತದೆ. ಅದು ನನ್ನ ಹತ್ತಿರವೇ ಇರಲಿ.

ದಾರಿ ಸಿಕ್ಕಿದ್ದು ಮೂರನೇ ವರ್ಷ. ಅಬಿಡ್ಸ್‌ನ ಒಬ್ಬ ಮುದುಕ ವ್ಯಾಪಾರಿಗೆ ಆ 'ಲಂಬಾ ಕಿತಾಬ್' ನೆನಪಿತ್ತು. ಒಂದಡಿಗಿಂತ ಉದ್ದದ ಪುಸ್ತಕ, ಯಾರಾದರೂ ಮರೆಯುತ್ತಾರಾ? ಅವನು ಸಿಕಂದರಾಬಾದಿನ ಒಬ್ಬ ನಿವೃತ್ತ ಮೇಷ್ಟ್ರ ಮನೆ ತೋರಿಸಿದ. ಹೋದರೆ ನಾಲ್ಕು ಸಂಪುಟ, ನಾಲ್ಕೂ 1268! ಹತ್ತು ಸಾವಿರ ಅಂದೆ, ಹದಿನೈದು ಅಂದೆ. ಮೇಷ್ಟ್ರು ನಕ್ಕರು. "ದುಡ್ಡು ತೊಗೊಂಡು ಏನು ಮಾಡಲಿ? ರಾತ್ರಿ ಇವನ್ನೇ ಓದೋದು." ಅವರು ಒಳ್ಳೆಯ ಚಹಾ ಕೊಟ್ಟರು, ಪುಸ್ತಕ ಕೊಡಲಿಲ್ಲ.

ವಾಪಸ್ ಬರುವಾಗ ವಾಡಿ ಸ್ಟೇಷನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತ್ತು. ಅಲ್ಲಿ ಹೊಳೆಯಿತು. ಮೇಷ್ಟ್ರಿಗೆ ಬೇಕಾದ್ದು ನಾಟಕ, ನನಗೆ ಬೇಕಾದ್ದು ನಂಬರ್. ಅದೇ ನಾಲ್ಕು ನಾಟಕ, ಅದೇ ಮುದ್ರಣ, ಬೇರೆ ನಂಬರಿನದು, ಅವರದಕ್ಕಿಂತ ಚೊಕ್ಕಟವಾದದ್ದು ತಂದುಕೊಟ್ಟರೆ? ಅವರಿಗೇನು ನಷ್ಟ?

ಗೆಳೆಯರಿಗೆ ಹೇಳಿದಾಗ ಎದ್ದೆದ್ದು ನಕ್ಕರು. "1268 ಸಿಗಲಿಲ್ಲ ಅಂತ 411 ಕೊಳ್ತೀಯಾ?" ಹೌದು, ಕೊಂಡೆ. ನಂಬರ್ ಚಿಂತೆ ಇಲ್ಲದಿದ್ದರೆ ರಾಕ್‌ಹ್ಯಾಮ್ ಬಿಟ್ಟು ಉಳಿದ ಬಿಡಿ ಸಂಪುಟ ಎರಡರಿಂದ ನಾಲ್ಕು ಸಾವಿರಕ್ಕೆ ಸಿಗುತ್ತವೆ. ಸಾಗಣೆಯೇ ಅಷ್ಟು. ಅಮೆರಿಕದವರು ವಿದೇಶಕ್ಕೆ ಹಡಗಿನ ಅಂಚೆಯನ್ನು 2007ರಲ್ಲೇ ನಿಲ್ಲಿಸಿದ್ದಾರೆ, ಎಲ್ಲಾ ವಿಮಾನದಲ್ಲೇ ಬರಬೇಕು. 2019ರ ಬಜೆಟ್ಟಿನಿಂದ ಆಮದು ಪುಸ್ತಕಕ್ಕೆ 5% ಸುಂಕ ಬೇರೆ. ಒಂದು ಪಾರ್ಸೆಲ್ 'ಗುಲ್ಬರ್ಗಾ' ಮತ್ತು 'ಕಲಬುರಗಿ' ಬೇರೆ ಬೇರೆ ಊರು ಅಂದುಕೊಂಡು ಇಪ್ಪತ್ತು ದಿನ ಎಲ್ಲೆಲ್ಲೋ ತಿರುಗಿತು. ಊರಿನ ಹೆಸರು ಬದಲಾಗಿದ್ದು 2014ರಲ್ಲಿ, ಕೆಲವರ ಕಂಪ್ಯೂಟರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಆಮೇಲೆ ಡಲ್ಲಾಸಿನಲ್ಲಿರುವ ಭಾವನ ಮಗನ ವಿಳಾಸಕ್ಕೆ ತರಿಸಿ, ಅವನು ದೀಪಾವಳಿಗೆ ಬರುವಾಗ ಸೂಟ್‌ಕೇಸಿನಲ್ಲಿ ನಾಲ್ಕು ನಾಲ್ಕು ತರಿಸಿದೆ. ಅವನಿಗೆ ಪ್ರತಿ ಸಲ ಐದು ಕೆ.ಜಿ. ತೊಗರಿಬೇಳೆ, ಒಂದು ಡಬ್ಬಿ ಶೇಂಗಾ ಹಿಂಡಿ.

ಹದಿನಾಲ್ಕು ತಿಂಗಳ ಮೇಲೆ ಮೇಷ್ಟ್ರ ಬಾಗಿಲು ಬಡಿದೆ. ಅವರು ಹೊಸ ನಾಲ್ಕನ್ನೂ ಮೂಸಿ ನೋಡಿದರು, ಪುಟ ಎಣಿಸಿದರು, ಹಳೆಯ ನಾಲ್ಕನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟರು. ಆ ದಿನ ವಾಪಸ್ ಬರುವಾಗ ಚೀಲವನ್ನು ತೊಡೆ ಮೇಲಿಂದ ಇಳಿಸಲೇ ಇಲ್ಲ.

ಪುಣೆಯ ಎರಡು, ಬೆಂಗಳೂರಿನ ಒಂದು ಹೀಗೇ ಬಂದವು. ಒಬ್ಬರ ಸುಳಿವಿನಿಂದ ಇನ್ನೊಬ್ಬರು. ಎರಿಕ್ ಗಿಲ್ ಚಿತ್ರ ಮಾಡಿದ 'ಎಂಟನೇ ಹೆನ್ರಿ' ಸಂಪುಟ ಮಾತ್ರ ಮುಂಬೈ ದಾಟಿ ಇಂಗ್ಲೆಂಡಿನ ಒಬ್ಬ ವ್ಯಾಪಾರಿಯ ಕೈ ಸೇರಿತ್ತು. ಅವನು ಅದಲುಬದಲಿಗೆ ಒಪ್ಪಲಿಲ್ಲ, ನಗದೇ ಕೊಟ್ಟೆ.

ನಡುವೆ ಪುಸ್ತಕ ಕಾಯುವ ಕೆಲಸವೂ ಇತ್ತು. ನಮ್ಮ ಊರಿನ ಮೇ ತಿಂಗಳು ಗೊತ್ತಲ್ವಾ? ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಕಬ್ಬಿಣದ ಅಲ್ಮೇರಾ ಒಳಗೆ ಇಟ್ಟಿದ್ದು ಶುದ್ಧ ದಡ್ಡತನ, ಅದು ಒಲೆ. ಈಗ ನಡುಮನೆಯ ಒಳಗೋಡೆಗೆ ಶಹಾಬಾದ್ ಕಲ್ಲಿನ ಹಲಗೆ ಹಾಕಿಸಿದ್ದೇನೆ. ಕಲ್ಲು ತಣ್ಣಗಿರುತ್ತದೆ, ಗೆದ್ದಲೂ ತಿನ್ನುವುದಿಲ್ಲ. ಹುಳಕ್ಕೆ ಬೇವಿನ ಎಲೆ ಇಟ್ಟು ಎರಡು ಪುಟಕ್ಕೆ ಕಂದು ಕಲೆ ಮಾಡಿಕೊಂಡೆ. ಬಜೆ ಬೇರನ್ನು ಮಲ್ ಬಟ್ಟೆಯಲ್ಲಿ ಕಟ್ಟಿ ಹಲಗೆಯ ಹಿಂದೆ ಇಟ್ಟಿದ್ದು ವಾಸಿ. ಪುಣೆಯಿಂದ ಬಂದವುಗಳಲ್ಲಿ ಬೆಳ್ಳಿಮೀನು ಹುಳ ಇತ್ತು. ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದ ಹಾಗೆ ಸುತ್ತಿ ಮೂರು ವಾರ ಫ್ರೀಜರಿನಲ್ಲಿಟ್ಟೆ. ಯುಗಾದಿಗೆ ಹೂರಣ ಇಡೋಕೆ ಜಾಗ ಇಲ್ಲ ಅಂತ ಮನೆಯಲ್ಲಿ ಎರಡು ದಿನ ಮಾತಿಲ್ಲ. ಹುಳ ಮಾತ್ರ ಸತ್ತವು. ತೆಗೆದ ಮೇಲೆ ಒಂದು ದಿನ ಸುತ್ತಿದ್ದನ್ನು ಬಿಚ್ಚಬೇಡಿ, ಇಬ್ಬನಿ ಕೂರುತ್ತದೆ.

ಉಳಿದದ್ದು ರಾಕ್‌ಹ್ಯಾಮ್. ಅಮೆರಿಕ, ಇಂಗ್ಲೆಂಡ್ ಎಲ್ಲಾ ಜಾಲಾಡಿದ್ದೆ. ಸಿಕ್ಕಿದ್ದು ಸೊಲ್ಲಾಪುರದಲ್ಲಿ, ಇಲ್ಲಿಂದ ರೈಲಿನಲ್ಲಿ ಎರಡು ತಾಸು. ಜವಳಿ ವ್ಯಾಪಾರಿಯೊಬ್ಬರ ಮನೆ, ಮಕ್ಕಳು ಚಿತ್ರ ನೋಡಿ ನೋಡಿ ಬೆನ್ನು ಸಡಿಲಾಗಿದೆ, ರಟ್ಟಿನ ಮೇಲೆ ಚಹಾ ಕಪ್ಪಿನ ದುಂಡು ಗುರುತು. ಅವರಿಗೆ ಕೊಡಲು ಬೇರೆ ನಂಬರಿನ ಪ್ರತಿಗೆ ನನಗೆ ಬಿದ್ದದ್ದು ಎಲ್ಲಾ ಸೇರಿ 26,000ದ ಹತ್ತಿರ. ಹೊಸದರಂತಿದ್ದ ಪುಸ್ತಕ. ಕೊಟ್ಟು, ಸಡಿಲ ಬೆನ್ನಿನದು ತಂದೆ. ಹೆಂಡತಿ ಆ ಕಪ್ಪಿನ ಗುರುತಿನ ಮೇಲೆ ಬೆರಳಾಡಿಸಿ, "ಇದಕ್ಕೆ ಅದನ್ನ ಕೊಟ್ರಾ?" ಅಂದಳು. ನಾನು ನಂಬರ್ ಪುಟ ತೆರೆದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, ಏನೂ ಹೇಳದೆ ಅಡುಗೆಮನೆಗೆ ಹೋದಳು. ಆ ಕಲೆ ತೆಗೆಸುವುದಿಲ್ಲ. ದೊಡ್ಡಪ್ಪನ ಮನೆಯಲ್ಲೇ ಆಗಿದ್ದಿರಬಹುದು.

ಅದಲುಬದಲಿನ ಗಲಾಟೆಯಲ್ಲಿ ಕೊಂಡ ಹತ್ತು ಹನ್ನೊಂದು ತಪ್ಪು ನಂಬರಿನ ಸಂಪುಟ ಇನ್ನೂ ಮಂಚದ ಕೆಳಗಿವೆ. ಅದರಲ್ಲಿ ಮೂರು ಒಂದೇ ನಂಬರಿನವು, 411. ಅದೇ ನಂಬರಿನ ಮುರುಕು ಸೆಟ್ ನಿಮ್ಮಲ್ಲಿದ್ದರೆ ತಿಳಿಸಿ. ದುಡ್ಡು ಬೇಡ, ಅದೇ ನಾಟಕದ ಬೇರೆ ಪ್ರತಿ ಕೊಟ್ಟರೆ ಸಾಕು. ಸ್ವಲ್ಪ ಚೊಕ್ಕಟವಾಗಿರಲಿ ಅಷ್ಟೇ.