ಲಾಗ್‌ಬುಕ್ಕಿನ ಗಂಟೆಗಳಲ್ಲಿ ನನ್ನವು ಎಷ್ಟು?

ಪೈಲಟ್ ಎಂದು ತಿಳಿದ ಕೂಡಲೇ ಜನ ಕೇಳುವುದು, "ಎಷ್ಟು ಗಂಟೆ ಹಾರಿದ್ದೀರಿ?" ಎಂದು. ವಾಯುಪಡೆಯ ಒಳಗೂ ಒಬ್ಬರನ್ನೊಬ್ಬರು ಅಳೆಯುವುದು ಅಲ್ಲಿಂದಲೇ. ಯುದ್ಧವಿಮಾನದ ಪೈಲಟ್ ಆಗಿ, ಆಮೇಲೆ ಬೋಧಕನಾಗಿ ಕೆಲಸ ಮಾಡಿದ ನಾನು ಹಾರಾಟದ ಗಂಟೆಗಳನ್ನು ಬರೆದಿಡುವ ಲಾಗ್‌ಬುಕ್ಕಿನ ಆ ಮೊತ್ತವನ್ನು ಪೂರ್ತಿಯಾಗಿ ನಂಬುವುದನ್ನು ಬಹಳ ಹಿಂದೆಯೇ ಬಿಟ್ಟೆ. ಗಂಟೆಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗಂಟೆಯೊಳಗೆ ಪೈಲಟ್ ಸ್ವಂತ ಬುದ್ಧಿಯಿಂದ ಏನನ್ನು ನಿರ್ಧರಿಸಿದ, ಇಳಿದ ಮೇಲೆ ಆ ನಿರ್ಧಾರವನ್ನು ಯಾರ ಜೊತೆ ಕೂತು ಬಿಡಿಸಿ ನೋಡಿದ ಎಂಬುದನ್ನು ಯಾವ ಮೊತ್ತವೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಅನುಭವವೆಂದರೆ ಅದು.

ಗಂಟೆಗಳೇ ಸಾಲದೆ ಹೋದರೆ ಏನಾಗುತ್ತದೆ ಎಂಬುದನ್ನು ಎರಡನೆಯ ಮಹಾಯುದ್ಧ ತೋರಿಸಿದೆ. ಯುದ್ಧ ಶುರುವಾದಾಗ ಜರ್ಮನಿಯ ಹೊಸ ಪೈಲಟ್‌ಗಳು ಒಳ್ಳೆಯ ತರಬೇತಿ ಪಡೆದೇ ಬರುತ್ತಿದ್ದರು. 1944ರ ಹೊತ್ತಿಗೆ ಇಂಧನ ಸಾಲದು, ಬೋಧಕರನ್ನೇ ತರಬೇತಿ ಶಾಲೆಗಳಿಂದ ಯುದ್ಧಕ್ಕೆ ಕಳುಹಿಸಿದ್ದಾಗಿತ್ತು. ಹೊಸಬನೊಬ್ಬ ಯುದ್ಧಕ್ಕೆ ಹೊರಡುವಾಗ ಅವನ ಗಂಟೆಗಳು ಅಮೆರಿಕದ ಹೊಸಬನ ಗಂಟೆಗಳ ಅರ್ಧದಷ್ಟೂ ಇರುತ್ತಿರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಫಿಲಿಪ್ಪೀನ್ ಸಮುದ್ರದ ಕದನದಲ್ಲಿ ಜಪಾನಿನ ನೌಕಾಪಡೆ ನೂರಾರು ವಿಮಾನಗಳನ್ನು ಕಳೆದುಕೊಂಡಿತು. ಜರ್ಮನಿ, ಜಪಾನ್ ಎರಡರಲ್ಲೂ ಕಾರ್ಖಾನೆಗಳು ವಿಮಾನಗಳನ್ನು ಕಟ್ಟುತ್ತಲೇ ಇದ್ದವು. ಪೈಲಟ್‌ಗಳನ್ನು ಹಾಗೆ ಅವಸರದಲ್ಲಿ ಕಟ್ಟಲಾಗಲಿಲ್ಲ. ನ್ಯಾಟೋ ದೇಶಗಳು ಇಂದಿಗೂ ಯುದ್ಧವಿಮಾನದ ಪೈಲಟ್‌ಗೆ ವರ್ಷಕ್ಕೆ 180 ಗಂಟೆಗಳ ಗುರಿ ಇಟ್ಟುಕೊಂಡಿರುವುದರ ಹಿಂದೆ ಇಂಥ ಪಾಠಗಳಿವೆ.

ಹಾಗಿದ್ದರೂ ಎಲ್ಲ ಗಂಟೆಗಳ ತೂಕ ಒಂದೇ ಅಲ್ಲ. ಸಾಗಣೆ ವಿಮಾನದ ಪೈಲಟ್ ಒಂದೇ ಸಲ ಆರೇಳು ಗಂಟೆ ಹಾರಿ ಬರಬಹುದು. ಅದರಲ್ಲಿ ಒಂದು ಟೇಕಾಫ್, ಒಂದು ಲ್ಯಾಂಡಿಂಗ್. ನಾನು ಹಾರಿಸಿದ ಮಿಗ್-21ರ ಇಂಧನ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆಯ ಸಾರ್ಟಿಗೆ, ಅಂದರೆ ಒಂದು ಸಲದ ಹಾರಾಟಕ್ಕೆ, ಸಾಕಾಗುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಇಂಧನದ ಮುಳ್ಳು ಕಣ್ಣೆದುರೇ ಇಳಿಯುತ್ತಿದ್ದರೆ, ಈಗಲೇ ತಿರುಗಬೇಕೇ, ಇನ್ನೊಂದು ದಾಳಿಗೆ ಸಮಯವಿದೆಯೇ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತಿತ್ತು. ಗಂಟೆ ಲೆಕ್ಕದಲ್ಲಿ ನಾವು ಬಡವರು, ನಿರ್ಧಾರಗಳ ಲೆಕ್ಕದಲ್ಲಿ ಹಾಗಿರಲಿಲ್ಲ.

ನಮ್ಮ ಕಾಲದ ಹುಡುಗರು ಆ ವಿಮಾನಕ್ಕೆ ಬಂದ ದಾರಿಯನ್ನೂ ಹೇಳಬೇಕು. ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಎಚ್‌ಪಿಟಿ-32 ಎಂಬ ತರಬೇತಿ ವಿಮಾನದ ಮೇಲೆ ಮೊದಲ ಪಾಠ, ಆಮೇಲೆ ಕಿರಣ್ ಜೆಟ್, ಅಲ್ಲಿಂದ ಹೆಚ್ಚುಕಡಿಮೆ ನೇರವಾಗಿ ಮಿಗ್-21. ಕಿರಣ್ ಸಾಧು ವಿಮಾನ, ತಪ್ಪನ್ನು ಸಹಿಸಿಕೊಳ್ಳುತ್ತದೆ. ಮಿಗ್ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ರನ್‌ವೇಯತ್ತ ಇಳಿಯುತ್ತಿತ್ತು. ನಡುವೆ ಒಂದು ಮೆಟ್ಟಿಲು ಬೇಕು, ಅಂದರೆ ಸುಧಾರಿತ ಜೆಟ್ ತರಬೇತಿ ವಿಮಾನ ಬೇಕು ಎಂದು 1982ರಲ್ಲೇ ನೇಮಕವಾದ ಲಾ ಫಾಂಟೇನ್ ಸಮಿತಿ ಹೇಳಿತ್ತು. ಅಂಥ ತರಬೇತಿ ವಿಮಾನವಾದ ಹಾಕ್‌ನ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರಲ್ಲಿ, ಬೀದರ್‌ನಲ್ಲಿ ಅವು ಸೇವೆಗೆ ಸೇರಿದ್ದು 2008ರಲ್ಲಿ. ನಡುವಿನ ಆ ವರ್ಷಗಳಲ್ಲಿ ನನ್ನಂಥವರೆಲ್ಲ ಇಲ್ಲದ ಮೆಟ್ಟಿಲನ್ನು ಹಾರಿಯೇ ದಾಟಬೇಕಾಯಿತು. ದಾಟಲಾಗದೆ ಹೋದವರು ನನ್ನ ನೆನಪಿನಿಂದ ಅಳಿಯುವುದಿಲ್ಲ.

ಸ್ಕ್ವಾಡ್ರನ್‌ಗೆ, ಅಂದರೆ ಯುದ್ಧವಿಮಾನಗಳ ಘಟಕಕ್ಕೆ, ಸೇರಿದ ಹೊಸದರಲ್ಲಿ ನನಗೆ ಸಿಗುತ್ತಿದ್ದ ಹಾರಾಟ ಕಡಿಮೆ. ಹಿರಿಯರ ಸರದಿ ಮೊದಲು, ವಿಮಾನಗಳ ಸರ್ವಿಸಿಂಗ್, ಚಳಿಗಾಲದ ಮಂಜು, ಹೀಗೆ. ಹಾರಾಟ ಹೆಚ್ಚಿಸುವುದು ನನ್ನ ಕೈಯಲ್ಲಿರಲಿಲ್ಲ. ಸಿಕ್ಕಿದ್ದನ್ನು ಹಿಂಡಿ ತೆಗೆಯುವುದು ಕೈಯಲ್ಲಿತ್ತು. ಲಾಗ್‌ಬುಕ್ಕಿನ ಜೊತೆಗೆ ಒಂದು ಸಾದಾ ನೋಟ್‌ಬುಕ್ ಇಟ್ಟುಕೊಂಡೆ. ಪ್ರತಿ ಸಾರ್ಟಿಯ ನಂತರ ಅದರಲ್ಲಿ ಬರೆಯುತ್ತಿದ್ದುದು ಮೂರೇ ವಿಷಯ: ಯಾವುದನ್ನು ನಾನೇ ನಿರ್ಧರಿಸಿದೆ, ಯಾವುದನ್ನು ಲೀಡರ್ ಹೇಳಿದ್ದಕ್ಕೆ ಮಾಡಿದೆ, ಯಾವುದು ನನಗೆ ತಡವಾಗಿ ಕಂಡಿತು. ಮೂರನೆಯದೇ ಚಿನ್ನ. ಎದುರಾಳಿ ವಿಮಾನ ಕಂಡದ್ದು ತಡ, ಮೋಡದ ತಳ ಇಳಿಯುತ್ತಿರುವುದು ಗೊತ್ತಾದದ್ದು ತಡ, ಒಟ್ಟಾಗಿ ಹಾರುವ ಫಾರ್ಮೇಶನ್‌ನಲ್ಲಿ ವಿಮಾನಗಳ ನಡುವಿನ ದೂರ ಕಡಿಮೆಯಾಗುತ್ತಿರುವುದು ಹೊಳೆದದ್ದು ತಡ. ಕೆಲವು ತಿಂಗಳ ಪುಟಗಳನ್ನು ಒಟ್ಟಿಗೆ ಓದಿದಾಗ ನನ್ನ ಕಣ್ಣು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಸ್ಪಷ್ಟವಾಯಿತು: ಕೆಲಸ ಹೆಚ್ಚಾದಂತೆ ನೋಟ ಕಾಕ್‌ಪಿಟ್‌ನ ಒಳಗೇ ಉಳಿದುಬಿಡುತ್ತಿತ್ತು. ಮುಂದಿನ ಸಾರ್ಟಿಗೆ ನನ್ನ ಗುರಿ ಅಲ್ಲೇ ಸಿದ್ಧವಾಯಿತು. ಗುರಿಯಿಲ್ಲದೆ ವಿಮಾನ ಹತ್ತುವುದು ಇಂಧನದ ದಂಡ ಎಂದು ನಾನು ಆಗಿನಿಂದ ನಂಬಿದ್ದೇನೆ.

ಆಮೇಲೆ ತಾಂಬರಂನ ಹಾರಾಟ ಬೋಧಕರ ಶಾಲೆ. ಬಲಗಡೆ ಸೀಟಿನಲ್ಲಿ ಕೂತು, ಹಾರಿಸುತ್ತಲೇ ಮಾತಾಡುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಅದಕ್ಕೆ ಪ್ಯಾಟರ್ ಎನ್ನುತ್ತೇವೆ. ಬಾಯಿಯ ಮಾತು, ಕೈಯ ಚಲನೆ, ವಿಮಾನದ ಮೂಗು ಮೂರೂ ಒಂದೇ ಕ್ಷಣದಲ್ಲಿ ಕೂಡಬೇಕು. ಈ ಬೋಧನಾ ಪದ್ಧತಿಯ ಬೇರು ಇರುವುದು 1917ರ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ. ಮೊದಲ ಮಹಾಯುದ್ಧದಲ್ಲಿ ತರಬೇತಿಯಲ್ಲೇ ಹುಡುಗರು ಸಾಯುತ್ತಿದ್ದುದನ್ನು ಕಂಡು ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಹಳೆಯ ರೀತಿಯನ್ನೇ ತಿರುಗಿಸಿಹಾಕಿದರು. ಶಿಷ್ಯ ಕಂಟ್ರೋಲ್ ಹಿಡಿಯಬೇಕು, ಗುರು ಕೊಳವೆಯ ಮೂಲಕ ಅವನಿಗೆ ಮಾತಿನಲ್ಲಿ ಹೇಳಬೇಕು. ಅಪಾಯದ ಸ್ಥಿತಿಗಳಿಂದ ಶಿಷ್ಯನನ್ನು ದೂರವಿಡುವ ಬದಲು ಬೇಕೆಂದೇ ಅವುಗಳಿಗೆ ಕರೆದೊಯ್ದು, ಹೊರಬರುವುದನ್ನು ಕಲಿಸಬೇಕು. ಸ್ಪಿನ್, ಅಂದರೆ ವಿಮಾನ ಸುತ್ತುತ್ತಾ ಕೆಳಗೆ ಬೀಳುವ ಸ್ಥಿತಿಯ ಪಾಠವನ್ನು ನಾವು ಇಂದಿಗೂ ಹಾಗೆಯೇ ಮಾಡುತ್ತೇವೆ. ಸಾಕಷ್ಟು ಎತ್ತರಕ್ಕೆ ಹೋಗಿ, ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವಂತೆ ವಿಮಾನವನ್ನು ಸ್ಟಾಲ್ ಮಾಡಿ, ಸುತ್ತಲು ಬಿಡುತ್ತೇವೆ. ನೆಲ ಗಿರಗಿರ ತಿರುಗುವಾಗ ಸುತ್ತುವ ದಿಕ್ಕು ಯಾವುದೆಂದು ಕಣ್ಣು ಸುಳ್ಳು ಹೇಳಬಹುದು. ತಿರುಗುವ ದಿಕ್ಕು ತೋರಿಸುವ ಟರ್ನ್ ಸೂಜಿ ಸುಳ್ಳು ಹೇಳುವುದಿಲ್ಲ. ಅದನ್ನು ನೋಡಿ, ಎದುರು ದಿಕ್ಕಿನ ರಡ್ಡರ್ ಪೆಡಲ್ ಪೂರ್ತಿ ಒತ್ತಿ, ಕೈಯಲ್ಲಿರುವ ಕಂಟ್ರೋಲ್ ಸ್ಟಿಕ್ ಮುಂದೆ ತಳ್ಳಬೇಕು. ಇದನ್ನು ತರಗತಿಯಲ್ಲಿ ಒಪ್ಪಿಸುವ ಕೆಡೆಟ್‌ಗೂ ಸುತ್ತುತ್ತಿರುವ ವಿಮಾನದಲ್ಲಿ ತಾನೇ ಸೂಜಿ ಹುಡುಕಿದ ಕೆಡೆಟ್‌ಗೂ ಅಜಗಜಾಂತರವಿದೆ.

ತಾಂಬರಂ ಮಾತು ಕಲಿಸಿತು. ಮಾತು ನಿಲ್ಲಿಸುವುದನ್ನು ಕಲಿಸಿದ್ದು ಶಿಷ್ಯರು. ಕಿರಣ್‌ನಲ್ಲಿ ಇಬ್ಬರೂ ಪಕ್ಕಪಕ್ಕ ಕೂರುತ್ತೇವೆ, ಹಾಗಾಗಿ ಶಿಷ್ಯನ ಕೈ ಕಾಣುತ್ತದೆ. ಒಂದು ಲ್ಯಾಂಡಿಂಗನ್ನು ಹತ್ತಿರದಿಂದ ನೋಡಿ. ಹುಡುಗ ಫೈನಲ್ಸ್‌ಗೆ, ಅಂದರೆ ರನ್‌ವೇಯ ನೇರಕ್ಕೆ ಇಳಿಯುವ ಕೊನೆಯ ಹಂತಕ್ಕೆ, ತಿರುಗಿದ್ದಾನೆ, ಎತ್ತರ ಸ್ವಲ್ಪ ಹೆಚ್ಚಾಗಿದೆ. ರನ್‌ವೇ ಗಾಜಿನಲ್ಲಿ ತೀರಾ ಕೆಳಗೆ ಕಾಣುತ್ತಿದೆ. ಅವನ ಬೆರಳ ಗೆಣ್ಣುಗಳು ಸ್ಟಿಕ್ ಮೇಲೆ ಬಿಗಿಯುತ್ತಿವೆ, ಗ್ಲೌಸ್ ಮೇಲಿಂದಲೇ ಗೊತ್ತಾಗುತ್ತದೆ. ನನ್ನ ಕೈ ನನ್ನ ತೊಡೆಯ ಮೇಲಿದೆ, ಸ್ಟಿಕ್‌ಗೆ ಒಂದು ಗೇಣು ದೂರ. "ಎತ್ತರ ನೋಡು" ಎಂದರೆ ಸಾಕು, ಅವನು ಥ್ರಾಟಲ್ ಎಳೆದು ಎಂಜಿನ್ ಶಕ್ತಿ ಇಳಿಸುತ್ತಾನೆ, ಲ್ಯಾಂಡಿಂಗ್ ಚೆನ್ನಾಗಿಯೇ ಆಗುತ್ತದೆ, ಲಾಗ್‌ಬುಕ್ಕಿನಲ್ಲಿ ಅವನ ಹೆಸರಿಗೆ ಸಮಯವೂ ಸೇರುತ್ತದೆ. ಆದರೆ ಆ ಲ್ಯಾಂಡಿಂಗ್ ನನ್ನದಾಗಿರುತ್ತದೆ. ಆದ್ದರಿಂದ ಸುಮ್ಮನಿರುತ್ತೇನೆ. ಇಷ್ಟು ಎತ್ತರಕ್ಕಿಂತ ಕೆಳಗೆ ಇನ್ನೂ ಸರಿಪಡಿಸದಿದ್ದರೆ ಕಂಟ್ರೋಲ್ ನನ್ನದು ಎಂಬ ಗೆರೆಯನ್ನು ಹಾರುವ ಮೊದಲೇ ಎಳೆದುಕೊಂಡಿರುತ್ತೇನೆ, ಅದನ್ನು ಗಾಳಿಯಲ್ಲಿ ಬದಲಿಸುವುದಿಲ್ಲ. ಆ ಗೆರೆಗೆ ಇನ್ನೂ ಜಾಗವಿರುವಾಗ ಹುಡುಗನ ತಲೆ ಒಮ್ಮೆ ಅಲುಗುತ್ತದೆ, ಕಣ್ಣು ವೇಗಮಾಪಕಕ್ಕೆ ಹೋಗಿ ರನ್‌ವೇಗೆ ಮರಳುತ್ತದೆ, ಥ್ರಾಟಲ್ ಹಿಂದೆ ಬರುತ್ತದೆ. ಇಲ್ಲವೇ, ಇನ್ನೂ ಒಳ್ಳೆಯದು, ಪವರ್ ಪೂರ್ತಿ ತೆರೆದು "ಓವರ್‌ಶೂಟ್ ಮಾಡುತ್ತೇನೆ ಸರ್" ಎನ್ನುತ್ತಾನೆ. ಹಾಗೆ ಇಳಿಯುವುದನ್ನು ಬಿಟ್ಟು ತಾನಾಗಿಯೇ ಮೇಲಕ್ಕೆ ಹೋದ ಕೆಡೆಟ್‌ಗೆ ನಾನು ಕೊಡುತ್ತಿದ್ದ ಅಂಕ ಚಂದದ ಲ್ಯಾಂಡಿಂಗ್‌ಗೆ ಕೊಡುತ್ತಿದ್ದುದಕ್ಕಿಂತ ಹೆಚ್ಚು.

ಪಿಲಾಟಸ್ ಮತ್ತು ಹಾಕ್ ತರಬೇತಿ ವಿಮಾನಗಳಲ್ಲಿ ಬೋಧಕ ಹಿಂದಿನ ಸೀಟಿನಲ್ಲಿರುತ್ತಾನೆ. ಅಲ್ಲಿ ಕೈ ಕಾಣುವುದಿಲ್ಲ, ಉಸಿರು ಕೇಳಿಸುತ್ತದೆ. ಬೀದರ್‌ನಲ್ಲಿ ಕೆಲಸ ಮಾಡುವಾಗ ಇಂಟರ್‌ಕಾಮ್‌ನಲ್ಲಿ ಶಿಷ್ಯನ ಉಸಿರಿನ ಲಯ ಬದಲಾಗುವುದರಿಂದಲೇ ಅವನ ತಲೆ ತುಂಬಿಹೋಯಿತೆಂದು ತಿಳಿಯುತ್ತಿದ್ದೆ.

ಗಂಟೆಗಳಷ್ಟೇ ಮುಖ್ಯವಾದುದು ಅವುಗಳ ನಡುವಿನ ಅಂತರ. 2009ರ ಜುಲೈನಲ್ಲಿ ಒಂದು ಎಚ್‌ಪಿಟಿ-32 ಅಪಘಾತಕ್ಕೀಡಾದ ನಂತರ ಆ ವಿಮಾನಗಳ ಹಾರಾಟ ನಿಂತಿತು. 2013ರಲ್ಲಿ ಪಿಲಾಟಸ್ ಪಿಸಿ-7 ಮಾರ್ಕ್ 2 ಬರುವವರೆಗೆ ಕೆಡೆಟ್‌ಗಳು ಮೊದಲ ಪಾಠವನ್ನೂ ಕಿರಣ್ ಮೇಲೆಯೇ ಕಲಿತರು. ಆಗ ಕಲಿಸುತ್ತಿದ್ದ ನಾವು ಆ ಹಂತದ ಗಂಟೆಗಳು ಕಡಿಮೆಯಾದದ್ದನ್ನು ಕಂಡೆವು. ನನಗೆ ಅದಕ್ಕಿಂತ ಹೆಚ್ಚು ಕಾಡಿದ್ದು ಸಾರ್ಟಿಗಳು ಚದುರಿಹೋದದ್ದು. ಒಂದೇ ವಾರದಲ್ಲಿ ಬೆನ್ನಿಗೆ ಬೆನ್ನು ಹಾರಿದ ಹುಡುಗ ನಿನ್ನೆಯ ತಪ್ಪನ್ನು ಇವತ್ತು ತಿದ್ದುತ್ತಾನೆ. ಹತ್ತು ದಿನ ಬಿಟ್ಟು ಬಂದವನು ಸಾರ್ಟಿಯ ಮೊದಲ ಅರ್ಧವನ್ನು ಹಳೆಯ ಮಟ್ಟಕ್ಕೆ ಮರಳಲೇ ಖರ್ಚು ಮಾಡುತ್ತಾನೆ. ಇಬ್ಬರಿಗೂ ಲಾಗ್‌ಬುಕ್ಕಿನಲ್ಲಿ ಅಷ್ಟೇ ಸಮಯ! ಅದಕ್ಕಾಗಿ ನನ್ನ ಶಿಷ್ಯರ ಹಾರಾಟವನ್ನು ಎಲ್ಲರಿಗೂ ದಿನಕ್ಕೊಂದು ಚೂರು ಹಂಚುವ ಬದಲು, ಕಷ್ಟದ ಪಾಠದಲ್ಲಿರುವವನಿಗೆ ಸತತವಾಗಿ ಕೊಡಲು ಪ್ರಯತ್ನಿಸಿದೆ. ಉಳಿದವರು ಆ ದಿನಗಳಲ್ಲಿ ನಿಂತ ವಿಮಾನದ ಕಾಕ್‌ಪಿಟ್‌ನಲ್ಲಿ ಕಣ್ಣು ಮುಚ್ಚಿ ಕೂತು, ತುರ್ತುಸ್ಥಿತಿಯ ಕ್ರಮಗಳನ್ನು ಕೈಯಿಂದ ಮುಟ್ಟಿ ಮುಟ್ಟಿ ಅಭ್ಯಾಸ ಮಾಡುತ್ತಿದ್ದರು. ಇದನ್ನು ಗಂಟೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ, ಆದರೂ ಫಲ ಕೊಡುತ್ತದೆ.

ಸಿಮ್ಯುಲೇಟರ್ ಬಗ್ಗೆ ನನಗೆ ಗೌರವವಿದೆ. 1934ರಲ್ಲಿ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಅಂಚೆ ಸಾಗಿಸಲು ಹೋಗಿ ಸಾಲುಸಾಲಾಗಿ ಸತ್ತ ಮೇಲೆಯೇ ಎಡ್ವಿನ್ ಲಿಂಕ್ ಕಟ್ಟಿದ ತರಬೇತಿ ಯಂತ್ರಗಳಿಗೆ ಅಲ್ಲಿನ ಸೇನೆ ಬೆಲೆ ಕೊಟ್ಟದ್ದು. ಎಂಜಿನ್ ಬೆಂಕಿಯನ್ನು ನಿಜವಾದ ವಿಮಾನದಲ್ಲಿ ಹಚ್ಚಿ ಕಲಿಸಲಾಗುವುದಿಲ್ಲ. ಆದರೆ ಕೋಣೆಯೊಳಗಿನ ಸಿಮ್ಯುಲೇಟರ್‌ನಲ್ಲಿ, ಬಿಗಿಯಾದ ತಿರುವಿನಲ್ಲಿ ಮೈಭಾರ ಹೆಚ್ಚಿಸುವ ಜಿ ಬಲಕ್ಕೆ ಕತ್ತು ಕುಗ್ಗುವುದಿಲ್ಲ. ಮೋಡದೊಳಗೆ ಒಂದೇ ಸಮನೆ ತಿರುಗುತ್ತಿದ್ದರೆ ಒಳಗಿವಿಯ ದ್ರವ ಕೆಲವೇ ಸೆಕೆಂಡುಗಳಲ್ಲಿ ಆ ತಿರುವಿಗೆ ಒಗ್ಗಿಕೊಂಡು, ನೇರ ಹೋಗುತ್ತಿದ್ದೇವೆ ಎನಿಸುತ್ತದೆ. ವಿಮಾನವನ್ನು ನಿಜವಾಗಿ ನೇರ ಮಾಡಿದಾಗ ಎದುರು ದಿಕ್ಕಿಗೆ ವಾಲುತ್ತಿದ್ದೇವೆ ಎನಿಸುತ್ತದೆ. ಬೆಂಗಳೂರಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ ಈ ಭ್ರಮೆಯನ್ನು ಬೇಕೆಂದೇ ಹುಟ್ಟಿಸಿ ತೋರಿಸುವ ಯಂತ್ರಗಳಿವೆ. ಅಲ್ಲಿ ಅನುಭವಿಸಿದ್ದು ಒಳ್ಳೆಯ ಮುನ್ನೆಚ್ಚರಿಕೆ. ಭಯ ಸೇರಿಕೊಂಡಾಗಲೂ ಉಪಕರಣವನ್ನೇ ನಂಬುವ ಹಟ ಬಂದದ್ದು ನಿಜವಾದ ಮೋಡದಲ್ಲಿ.

ಇಳಿದ ಮೇಲಿನ ಚರ್ಚೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಶಿಷ್ಯನೇ ಮೊದಲು ಮಾತಾಡಬೇಕು. ನಾನು ಆರಂಭಿಸಿದರೆ ಅವನು ತಲೆಯಾಡಿಸಿ "ಹೌದು ಸರ್" ಎನ್ನುತ್ತಾನೆ, ಅಲ್ಲಿಗೆ ಕಲಿಕೆ ಮುಗಿಯಿತು. ಅವನು ಸಾರ್ಟಿಯನ್ನು ಕ್ರಮವಾಗಿ ಹೇಳಿದ ಮೇಲೆ ವಿಡಿಯೋ ಹಾಕುತ್ತಿದ್ದೆವು. ಅವನ ನೆನಪಿಗೂ ರೆಕಾರ್ಡಿಂಗ್‌ಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಲ್ಲಿಸಿ, "ಈ ಹೊತ್ತಿನಲ್ಲಿ ನಿನಗೆ ಏನು ಕಾಣುತ್ತಿತ್ತು?" ಎಂದು ಕೇಳುತ್ತಿದ್ದೆ. ಮುಕ್ಕಾಲು ಗಂಟೆಯ ಹಾರಾಟಕ್ಕೆ ಎರಡು ಗಂಟೆಯ ಚರ್ಚೆ ನನಗೆ ಹೆಚ್ಚೆನಿಸುತ್ತಿರಲಿಲ್ಲ. ವಿಯೆಟ್ನಾಂ ಯುದ್ಧದ ಅನುಭವದಿಂದ ಅಮೆರಿಕದ ವಾಯುಪಡೆ ಒಂದು ಸಂಗತಿಯನ್ನು ಗುರುತಿಸಿತು: ಮೊದಲ ಹತ್ತು ಕಾರ್ಯಾಚರಣೆಗಳನ್ನು ದಾಟಿದವನು ಬದುಕಿ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಆ ಹತ್ತನ್ನು ಶಾಂತಿಕಾಲದಲ್ಲೇ ಕೊಡಬೇಕೆಂದು 1975ರಲ್ಲಿ ರೆಡ್ ಫ್ಲ್ಯಾಗ್ ಎಂಬ ಸಮರಾಭ್ಯಾಸ ಆರಂಭವಾಯಿತು. ಅಲ್ಲಿಯೂ ದಿನದ ಬೆಲೆಬಾಳುವ ಭಾಗ ಇಳಿದ ಮೇಲಿನ ಕೋಣೆಯೇ.

ನನಗೆ ಸಿಟ್ಟು ಬರಿಸುವ ಹಾರಾಟವೊಂದಿದೆ: ತಿಂಗಳ ಕೊನೆಗೆ ಗುರಿ ಮುಟ್ಟಿಸಲು ಮಾಡುವ ಹಾರಾಟ. ಒಮ್ಮೆ ನಾನಿದ್ದ ಒಂದು ಘಟಕದಲ್ಲಿ ಹವೆ ಕೆಟ್ಟು ದಿನಗಳು ಕಳೆದವು, ಕೊನೆಯ ಎರಡು ದಿನಗಳಲ್ಲಿ ಎಲ್ಲರನ್ನೂ ಹತ್ತಿಸಿ, ಪಾಠದ ಕ್ರಮ ನೋಡದೆ ಸುತ್ತು ಹೊಡೆಸಿ, ಗಂಟೆಗಳನ್ನು ತುಂಬಿಸಿದ್ದರು. ವರದಿ ಚೆನ್ನಾಗಿತ್ತು. ಹುಡುಗರು ಕಲಿತದ್ದು ಏನೂ ಇರಲಿಲ್ಲ. ನಾನು ಅದನ್ನು ಬರಹದಲ್ಲೇ ಹೇಳಿದೆ. ಕೋರ್ಸ್ ಮುಗಿಯುವ ದಿನಾಂಕವನ್ನು ಮುಂದೂಡುವುದು ಆಡಳಿತಕ್ಕೆ ತಲೆನೋವು ಎಂಬುದು ನನಗೆ ಗೊತ್ತು. ಸಿದ್ಧನಾಗದ ಪೈಲಟ್‌ನನ್ನು ಸ್ಕ್ವಾಡ್ರನ್‌ಗೆ ಕಳುಹಿಸಿದರೆ ಆ ತಲೆನೋವು ಅಲ್ಲಿನ ಕಮಾಂಡಿಂಗ್ ಆಫೀಸರ್‌ಗೆ, ಕೆಲವೊಮ್ಮೆ ಒಂದು ಮನೆಗೆ, ವರ್ಗವಾಗುತ್ತದೆ.

ಅದಕ್ಕಾಗಿ ಶಿಷ್ಯರನ್ನು ಮುಂದಿನ ಹಂತಕ್ಕೆ ಕಳುಹಿಸುವಾಗ ವರದಿಯಲ್ಲಿ ಗಂಟೆಗಳ ಕೆಳಗೆ ನಾನು ಇನ್ನೊಂದು ಭಾಗ ಸೇರಿಸುತ್ತಿದ್ದೆ. ಅಡ್ಡಗಾಳಿಯಲ್ಲಿ ಒಬ್ಬನೇ ಇಳಿದಿದ್ದಾನೆಯೇ, ಹವೆ ಕೆಟ್ಟಿತೆಂದು ತಾನೇ ನಿರ್ಧರಿಸಿ ಅರ್ಧದಿಂದ ಮರಳಿದ್ದಾನೆಯೇ, ರೇಡಿಯೋ ಕೈಕೊಟ್ಟಾಗ ಏನು ಮಾಡಿದ, ನಾನು ಬಾಯಿ ತೆರೆಯದೆ ಮುಗಿದ ಸಾರ್ಟಿಗಳು ಯಾವುವು, ಇನ್ನೂ ಯಾವ ನಿರ್ಧಾರವನ್ನು ಅವನು ಒಬ್ಬನೇ ತೆಗೆದುಕೊಂಡಿಲ್ಲ. ಆ ಕೊನೆಯ ಸಾಲನ್ನು ಓದಿ ಮುಂದಿನ ಬೋಧಕರು ಫೋನ್ ಮಾಡುತ್ತಿದ್ದರು. ಅವರು ಕೇಳುತ್ತಿದ್ದುದು ಎರಡೇ ಪ್ರಶ್ನೆ: ಅವನಿಗೆ ಮೊದಲು ಯಾವ ಸಾರ್ಟಿ ಕೊಡಲಿ, ಅದರಲ್ಲಿ ಎಷ್ಟು ಹೊತ್ತು ಸುಮ್ಮನಿರಲಿ?